ಗಡಸು ನೀರಿನ ಊರಿನಲ್ಲಿ ಡಿಶ್‌ವಾಷರ್ ಪುಡಿ: ಮನೆಯಲ್ಲೇ ಮಾಡಿಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ತೊಗರಿಯ ಕಣಜವೆನಿಸಿದ ಕಲಬುರಗಿಯಲ್ಲಿ ಬೋರ್‌ವೆಲ್ ನೀರಿಗೆ ಬೇಳೆ ಹಾಕಿದರೆ ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಕಾಳು ಕಾಳಾಗಿಯೇ ಉಳಿಯುತ್ತದೆ ಎಂಬುದು ಅಡುಗೆ ಮಾಡುವ ಯಾರಿಗೂ ಹೊಸ ಮಾತಲ್ಲ. ಅದೇ ಬೇಳೆ ನಲ್ಲಿಯಲ್ಲಿ ಬರುವ ಭೀಮಾ ಅಥವಾ ಬೆಣ್ಣೆತೊರೆಯ ನೀರಿನಲ್ಲಿ ಬೇಗ ಮೆತ್ತಗಾಗುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟಿನೊಡನೆ ಕೂಡಿ ಅದನ್ನು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಬೇಳೆಯನ್ನು ಬೇಯಗೊಡದ ಆ ಕ್ಯಾಲ್ಸಿಯಂ, ಪಾತ್ರೆ ತೊಳೆಯುವ ಯಂತ್ರದೊಳಗೆ ಹೋದಾಗಲೂ ಸುಮ್ಮನಿರುವುದಿಲ್ಲ. ಕಲಬುರಗಿ, ಬೀದರ, ಯಾದಗಿರಿಯ ಮನೆಗಳಲ್ಲಿ ಡಿಶ್‌ವಾಷರ್ ಪುಡಿಯನ್ನು ಸ್ವತಃ ತಯಾರಿಸಿಕೊಳ್ಳಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ತಮ್ಮ ನೀರನ್ನು. ಮೆದು ನೀರಿನ ಊರಿನವರು ಬರೆದ ಪಾಕವನ್ನು ಇಲ್ಲಿಗೆ ಹಾಗೆಯೇ ತಂದರೆ ಗಾಜಿನ ಲೋಟಗಳು ಕೆಲವೇ ದಿನಗಳಲ್ಲಿ ಮಂಜು ಕವಿದಂತೆ ಬೆಳ್ಳಗಾಗುತ್ತವೆ, ಮತ್ತು ತಪ್ಪು ಪುಡಿಯದೋ ಯಂತ್ರದ್ದೋ ಎಂಬುದು ತಿಳಿಯುವುದೇ ಇಲ್ಲ.

ಯಂತ್ರ ಕೆಲಸ ಮಾಡುವ ಬಗೆಯನ್ನು ಮೊದಲು ನೋಡೋಣ. ಕೈಯಲ್ಲಿ ತೊಳೆಯುವಾಗ ಕೊಳೆಯನ್ನು ಕೀಳುವುದು ಮುಖ್ಯವಾಗಿ ನಾರಿನ ಉಜ್ಜಾಟ. ಸಾಬೂನು ಅದಕ್ಕೆ ನೆರವಾಗುತ್ತದೆ, ಅಷ್ಟೆ. ಡಿಶ್‌ವಾಷರ್‌ನಲ್ಲಿ ಉಜ್ಜುವ ಕೈ ಇಲ್ಲ. ತಳದಲ್ಲಿ ಸಂಗ್ರಹವಾದ ಮೂರು ನಾಲ್ಕು ಲೀಟರ್ ನೀರನ್ನು ಕಾಯಿಸಿ, ತಿರುಗುವ ತೋಳುಗಳ ರಂಧ್ರಗಳಿಂದ ಮತ್ತೆ ಮತ್ತೆ ಪಾತ್ರೆಗಳ ಮೇಲೆ ಚಿಮ್ಮಿಸುವುದಷ್ಟೇ ಅದರ ವಿಧಾನ. ಆದ್ದರಿಂದ ಉಜ್ಜುವ ಕೆಲಸವನ್ನೆಲ್ಲ ಬಿಸಿ, ಸಮಯ ಮತ್ತು ಪುಡಿಯ ರಸಾಯನ ಈ ಮೂರೇ ಹಂಚಿಕೊಳ್ಳಬೇಕಾಗುತ್ತದೆ. ನೊರೆ ಇಲ್ಲಿ ಶತ್ರು. ನೊರೆ ಎದ್ದರೆ ಪಂಪು ನೀರಿನ ಜೊತೆಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ತೋಳುಗಳ ಒತ್ತಡ ಕುಸಿಯುತ್ತದೆ, ಬಾಗಿಲಿನ ಸಂದಿಯಿಂದ ನೀರು ಹೊರಬಂದರೂ ಆಶ್ಚರ್ಯವಿಲ್ಲ. ಈ ಕಾರಣಕ್ಕೆ ಪಾತ್ರೆ ತೊಳೆಯುವ ಸಾಮಾನ್ಯ ಸಾಬೂನನ್ನಾಗಲಿ ದ್ರವವನ್ನಾಗಲಿ ಒಂದು ಹನಿಯೂ ಇದರೊಳಗೆ ಬಿಡಬಾರದು. ನೈಸರ್ಗಿಕವೆಂದು ಹಲವರು ಸೂಚಿಸುವ ಅಂಟುವಾಳದ ಕಾಯಿಯ ಗುಣವೇ ನೊರೆ ಎಬ್ಬಿಸುವುದು. ಬಟ್ಟೆಗೂ ಕೂದಲಿಗೂ ಒಳ್ಳೆಯದಾದರೂ ಈ ಯಂತ್ರಕ್ಕೆ ಅದು ಸಲ್ಲುವುದಿಲ್ಲ. ಒಲೆಯ ಬೂದಿಯಲ್ಲಿ ಜಿಡ್ಡು ಬಿಡಿಸುವ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ ಎಂಬುದು ನಿಜ, ಆದರೆ ಅದರ ಕರಗದ ಕಣಗಳು ಜಾಲರಿಯಲ್ಲಿ ಸಿಕ್ಕಿ ತೋಳುಗಳ ರಂಧ್ರಗಳನ್ನು ಮುಚ್ಚುತ್ತವೆ.

ಈಗ ನೀರಿನ ವಿಷಯ. ಭೀಮಾ ತೀರದ ಬಹುಭಾಗ ಸುಣ್ಣದಕಲ್ಲಿನ ನೆಲ. ಸೇಡಂ, ವಾಡಿ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಈ ಕಲ್ಲನ್ನು ನಂಬಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಕಲ್ಲೂ ಸುಣ್ಣದಕಲ್ಲೇ. ಆ ಹಾಸುಗಲ್ಲಿನ ಒಂದು ಮೂಲೆಯಲ್ಲಿ ನಿಂಬೆರಸದ ಒಂದು ಹನಿ ಬಿಟ್ಟು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ, ಒರೆಸಿದ ಮೇಲೆ ಹೊಳಪು ಹೋದ ಕಲೆ ಉಳಿಯುತ್ತದೆ. ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಆಮ್ಲ ಕರಗಿಸುತ್ತಿರುವ ಕ್ರಿಯೆ ಅದು. ಮಳೆನೀರು ಮಣ್ಣಿನ ಮೂಲಕ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ, ಮತ್ತು ನೆಲದಡಿಯ ಸುಣ್ಣವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನೀರು ಕಾದಾಗ ಈ ಕ್ರಿಯೆ ಹಿಮ್ಮೊಗವಾಗಿ, ಕರಗಿದ ಸುಣ್ಣ ಮತ್ತೆ ಕಲ್ಲಾಗಿ ಗೀಸರಿನ ಸುರುಳಿಗೂ ಡಿಶ್‌ವಾಷರಿನ ಹೀಟರಿಗೂ ಅಂಟಿಕೊಳ್ಳುತ್ತದೆ. ಬೀದರದ ನೆಲ ಬೇರೆ ತರಹದ್ದು, ಅಲ್ಲಿ ಕೆಂಪು ಜಂಬಿಟ್ಟಿಗೆಯ ಕೆಳಗೆ ಕಪ್ಪು ಬಸಾಲ್ಟ್ ಕಲ್ಲಿದೆ. ಹಾಗೆಂದು ಆಳದ ಬೋರ್‌ವೆಲ್ ನೀರು ಮೆದುವಾಗಿರುತ್ತದೆಂದು ಭಾವಿಸಬೇಕಿಲ್ಲ. ಬಸಾಲ್ಟಿನಿಂದಲೂ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬರುತ್ತವೆ.

ಗಡಸುತನವನ್ನು ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಎಂದು ಅಳೆಯುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 (2012) ಪ್ರಕಾರ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಯಂತ್ರದ ಕೈಪಿಡಿಯಲ್ಲಿ ಸಾಮಾನ್ಯವಾಗಿ ಜರ್ಮನ್ ಡಿಗ್ರಿಯ ಲೆಕ್ಕ ಇರುತ್ತದೆ. ಒಂದು ಡಿಗ್ರಿ ಎಂದರೆ ಸುಮಾರು 17.8 ಮಿಲಿಗ್ರಾಂ. ಪರೀಕ್ಷೆಯ ಪಟ್ಟಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒಂದು ಬಾಟಲಿಯಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಆರ್‌ಒ ನೀರು ತುಂಬಿ, ಎರಡಕ್ಕೂ ಸಮನಾಗಿ ಸಾಬೂನಿನ ಚೂರು ಹಾಕಿ ಕುಲುಕಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ: ಆರ್‌ಒ ನೀರಿನಲ್ಲಿ ನೊರೆ ನಿಲ್ಲುತ್ತದೆ, ಗಡಸಾದ ಬೋರ್‌ವೆಲ್ ನೀರಿನಲ್ಲಿ ಹಾಲು ಒಡೆದಂಥ ಬಿಳಿ ಕೆನೆ ಮಾತ್ರ ತೇಲುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಬಹುತೇಕ ಮನೆಗಳ ಮೇಲಿನ ಟ್ಯಾಂಕಿನಲ್ಲಿ ನಲ್ಲಿ ನೀರೂ ಬೋರ್ ನೀರೂ ಬೆರೆಯುತ್ತವೆ, ಬೇಸಿಗೆಯಲ್ಲಿ ನಲ್ಲಿ ನೀರಿನ ಪಾಲು ಕಡಿಮೆಯಾಗುತ್ತದೆ. ಹೀಗಾಗಿ ಶ್ರಾವಣದಲ್ಲಿ ಅಳೆದ ಗಡಸುತನವನ್ನು ನಂಬಿ ಏಪ್ರಿಲ್ ಕಳೆಯಲಾಗದು. ಆಗ ಮತ್ತೊಮ್ಮೆ ನೋಡಲೇಬೇಕು.

ಮನೆಯಲ್ಲಿ ಮಾಡುವ ಪುಡಿಗಳ ಮೂಲವಸ್ತು ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಅದು ನೀರನ್ನು ಬಲವಾದ ಕ್ಷಾರವಾಗಿಸಿ ಎಣ್ಣೆಯ ಜಿಡ್ಡನ್ನು ಸಡಿಲಿಸುತ್ತದೆ. ಎಣ್ಣೆಗಾಯಿ ಮಾಡಿದ ಪಾತ್ರೆಯಂಥ ಭಾರಿ ಜಿಡ್ಡಿಗೆ ಇದಿಲ್ಲದೆ ಆಗುವುದಿಲ್ಲ. ಆದರೆ ಗಡಸು ನೀರಿನಲ್ಲಿ ಇದೇ ಸೋಡಾ ಕ್ಯಾಲ್ಸಿಯಂನೊಡನೆ ಕೂಡಿ ಸುಣ್ಣದಕಲ್ಲಿನ ನುಣುಪಾದ ಬಿಳಿ ಪುಡಿಯನ್ನು ನೀರಿನಲ್ಲೇ ಹುಟ್ಟಿಸುತ್ತದೆ. ಲೋಟದ ಮೇಲಿನ ಬಿಳಿ ಪರದೆ ಅದೇ. ಆ ಪರದೆಯನ್ನು ನೋಡಿ ಪುಡಿ ಸಾಲದಾಯಿತೆಂದು ಇನ್ನಷ್ಟು ಸೋಡಾ ಸುರಿದರೆ ಲೋಟ ಇನ್ನಷ್ಟು ಬೆಳ್ಳಗಾಗುತ್ತದೆ. ನಮ್ಮ ಭಾಗದಲ್ಲಿ ಮನೆಯ ಪುಡಿ ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಹಿಂದೆ ಅಂಗಡಿಯ ಪುಡಿಗಳಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಕೆಲಸವನ್ನು ಫಾಸ್ಫೇಟ್ ಮಾಡುತ್ತಿತ್ತು. ಕೆರೆ ನದಿಗಳಲ್ಲಿ ಪಾಚಿ ಬೆಳೆಯಲು ಅದು ಕಾರಣವಾಗುತ್ತದೆಂದು ಅಮೆರಿಕದ ಹಲವು ರಾಜ್ಯಗಳು 2010ರಲ್ಲಿ, ಐರೋಪ್ಯ ಒಕ್ಕೂಟ 2017ರಲ್ಲಿ ಅದರ ಬಳಕೆಯನ್ನು ಬಹಳ ಮಟ್ಟಿಗೆ ಕಡಿತಗೊಳಿಸಿದವು. ಆ ಜಾಗಕ್ಕೆ ಬಂದ ವಸ್ತುಗಳಲ್ಲಿ ಮನೆಯವರ ಕೈಗೆ ಸುಲಭವಾಗಿ ಸಿಗುವುದು ಸಿಟ್ರೇಟ್. ಸಕ್ಕರೆ ಅಥವಾ ಕಾಕಂಬಿಯನ್ನು ಆಸ್ಪರ್ಜಿಲಸ್ ನೈಗರ್ ಎಂಬ ಬೂಷ್ಟಿನಿಂದ ಹುದುಗಿಸಿ ಸಿಟ್ರಿಕ್ ಆಮ್ಲ ತಯಾರಿಸುತ್ತಾರೆ. ಅದನ್ನು ಸೋಡಾದಿಂದ ತಟಸ್ಥಗೊಳಿಸಿದರೆ ಸೋಡಿಯಂ ಸಿಟ್ರೇಟ್ ಸಿಗುತ್ತದೆ.

ಎಲ್ಲೆಡೆ ಹರಿದಾಡುವ ಪಾಕದಲ್ಲಿ ಒಂದು ದೋಷವಿದೆ. ವಾಷಿಂಗ್ ಸೋಡಾ, ಸಿಟ್ರಿಕ್ ಆಮ್ಲ, ಅಡುಗೆ ಸೋಡಾ, ಉಪ್ಪು, ಎಲ್ಲವನ್ನೂ ಸಮ ಪ್ರಮಾಣದಲ್ಲಿ ಬೆರೆಸಿ ಎನ್ನುತ್ತದೆ ಆ ಪಾಕ. ಕ್ಷಾರವೂ ಆಮ್ಲವೂ ನೀರು ಕಂಡ ತಕ್ಷಣ ಒಂದನ್ನೊಂದು ತಿನ್ನುತ್ತವೆ. ಲೆಕ್ಕ ಹಾಕಿದರೆ 100 ಗ್ರಾಂ ಸಿಟ್ರಿಕ್ ಆಮ್ಲ, ಅದರಲ್ಲಿರುವ ನೀರಿನಂಶವನ್ನು ಅವಲಂಬಿಸಿ, 75ರಿಂದ 83 ಗ್ರಾಂ ವಾಷಿಂಗ್ ಸೋಡಾವನ್ನು ನುಂಗಿಬಿಡುತ್ತದೆ. ಬುಸುಗುಟ್ಟುವ ನೊರೆ ಪುಡಿಯ ಶಕ್ತಿಯನ್ನು ತೋರಿಸುವುದಿಲ್ಲ. ಅದು ಹೊರಹೋಗುತ್ತಿರುವ ಇಂಗಾಲದ ಡೈಆಕ್ಸೈಡ್ ಮಾತ್ರ. ಕೊನೆಗೆ ಉಳಿಯುವುದು ಸಿಟ್ರೇಟ್ ಮತ್ತು ಜಿಡ್ಡು ಬಿಡಿಸಲು ಸಾಲದಷ್ಟು ಸೋಡಾ. ಮಳೆಗಾಲದಲ್ಲಿ ಡಬ್ಬಿಯೊಳಗೇ ತೇವ ಸೇರಿ ಇದೇ ಕ್ರಿಯೆ ನಡೆಯುವುದರಿಂದ ಆ ಮಿಶ್ರಣ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಆದ್ದರಿಂದ ಆಮ್ಲವನ್ನು ಪುಡಿಗೆ ಬೆರೆಸದೆ, ಸಿದ್ಧ ಸೋಡಿಯಂ ಸಿಟ್ರೇಟನ್ನೇ ರಾಸಾಯನಿಕ ಸಾಮಗ್ರಿಗಳ ಅಂಗಡಿಯಿಂದ ತರುವುದು ಮೇಲು. ಅದು ಸಿಗದಿದ್ದರೆ ಅರ್ಧ ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, 120 ಗ್ರಾಂ ಅಡುಗೆ ಸೋಡಾವನ್ನು ಚಮಚ ಚಮಚವಾಗಿ, ನೊರೆ ಇಳಿಯುವವರೆಗೆ ಕಾಯುತ್ತ ಸೇರಿಸಿದರೆ ಸುಮಾರು 140 ಗ್ರಾಂ ಸಿಟ್ರೇಟ್ ಇರುವ ದ್ರಾವಣ ಸಿಗುತ್ತದೆ. ಪಾತ್ರೆ ದೊಡ್ಡದಿರಲಿ, ಉಕ್ಕುತ್ತದೆ. ದ್ರಾವಣವನ್ನು ಮುಚ್ಚಿಡುವ ಮೊದಲು ಗುಳ್ಳೆ ಪೂರ್ತಿ ನಿಂತಿರಬೇಕು.

ಎಷ್ಟು ಸಿಟ್ರೇಟ್ ಬೇಕು ಎಂಬುದಕ್ಕೂ ಲೆಕ್ಕವಿದೆ. ನೀರಿನ ಗಡಸುತನ 500 ಮಿಲಿಗ್ರಾಂ ಇದ್ದು, ಮುಖ್ಯ ತೊಳೆತಕ್ಕೆ ಯಂತ್ರ 4 ಲೀಟರ್ ತೆಗೆದುಕೊಂಡರೆ, ಅದರಲ್ಲಿ 2 ಗ್ರಾಂ ಸುಣ್ಣಕ್ಕೆ ಸಮನಾದ ಗಡಸುತನ ಇರುತ್ತದೆ. ಒಂದು ಕ್ಯಾಲ್ಸಿಯಂ ಕಣಕ್ಕೆ ಒಂದು ಸಿಟ್ರೇಟ್ ಕಣದಂತೆ ಹಿಡಿದರೆ ಸುಮಾರು 6 ಗ್ರಾಂ ಸೋಡಿಯಂ ಸಿಟ್ರೇಟ್ ಬೇಕಾಗುತ್ತದೆ. ಕಾಗದದ ಮೇಲೆ ಇದು ಸರಿ. ಯಂತ್ರದೊಳಗೆ ಸಿಟ್ರೇಟಿನ ಹಿಡಿತ ಅಷ್ಟು ಬಿಗಿಯಾದದ್ದಲ್ಲ. ಸೋಡಾ ಹೆಚ್ಚಿರುವಲ್ಲಿ ಕ್ಯಾಲ್ಸಿಯಂ ಕೈಜಾರಿ ಹೋಗಬಲ್ಲುದು. ಈ ಕೊರತೆಯನ್ನು ಪುಡಿಯಿಂದ ತುಂಬಲು ಹೆಣಗುವ ಬದಲು ಯಂತ್ರದೊಳಗೇ ಇರುವ ಮೆದುಕಾರಕವನ್ನು, ಅಂದರೆ ನೀರಿನ ಗಡಸುತನ ಕಳೆಯುವ ಭಾಗವನ್ನು, ಸರಿಯಾಗಿ ನಡೆಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ದೊಡ್ಡ ಡಿಶ್‌ವಾಷರ್‌ಗಳಲ್ಲಿ ಸಾಮಾನ್ಯವಾಗಿ ತಳಭಾಗದಲ್ಲಿ ಉಪ್ಪಿನ ಕೋಣೆಯೊಂದಿರುತ್ತದೆ. ಅದರ ಪಕ್ಕದಲ್ಲಿರುವ ರಾಳದ ಮಣಿಗಳು ಸೋಡಿಯಂ ಹೊತ್ತುಕೊಂಡಿರುತ್ತವೆ. ಒಳಬರುವ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾವು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿಹೋದಾಗ ಯಂತ್ರ ಗಾಢ ಉಪ್ಪುನೀರು ಹಾಯಿಸಿ, ಹಿಡಿದ ಕ್ಯಾಲ್ಸಿಯಂ ಅನ್ನು ತೊಳೆದು ಚರಂಡಿಗೆ ಕಳಿಸುತ್ತದೆ. ಉಪ್ಪಿನ ಕೆಲಸ ಇಷ್ಟೇ, ಇಲ್ಲಿಯೇ. ಪುಡಿಯಲ್ಲಿ ಬೆರೆಸಿದ ಉಪ್ಪು ನೀರನ್ನು ಒಂದಿಷ್ಟೂ ಮೆದು ಮಾಡುವುದಿಲ್ಲ, ಬದಲಿಗೆ ಅದರ ಕ್ಲೋರೈಡ್ ಸ್ಟೀಲಿನ ಮೇಲೆ ಸಣ್ಣ ತುಕ್ಕಿನ ಚುಕ್ಕೆಗಳನ್ನು ತರಬಲ್ಲುದು. ಕೋಣೆಗೆ ಡಿಶ್‌ವಾಷರ್‌ಗೆಂದೇ ಮಾರುವ ಹರಳುಪ್ಪನ್ನು ಹಾಕಬೇಕು. ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಸೇರಿಸುವ ಕರಗದ ವಸ್ತುಗಳು ಮಣಿಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಉಪ್ಪು ತುಂಬಿದರೆ ಸಾಲದು, ಅಳೆದ ಗಡಸುತನವನ್ನು ಯಂತ್ರದ ಸೆಟ್ಟಿಂಗಿನಲ್ಲಿಯೂ ನಮೂದಿಸಬೇಕು. ಕಾರ್ಖಾನೆಯಿಂದ ಬಂದ ಸೆಟ್ಟಿಂಗು ನಮ್ಮ ಬೋರ್‌ವೆಲ್‌ಗಳನ್ನು ನೋಡಿ ಇಟ್ಟದ್ದಲ್ಲ.

ಮೆದುಕಾರಕ ಸರಿಯಾಗಿ ನಡೆಯುತ್ತಿದೆ ಎಂದ ಮೇಲೆ ಪುಡಿ ಸರಳವಾಗುತ್ತದೆ. ನಾನು ಸೂಚಿಸುವ ಮಿಶ್ರಣ 400 ಗ್ರಾಂ ನೀರಿನಂಶವಿಲ್ಲದ ವಾಷಿಂಗ್ ಸೋಡಾ, 400 ಗ್ರಾಂ ಸೋಡಿಯಂ ಸಿಟ್ರೇಟ್ ಮತ್ತು 200 ಗ್ರಾಂ ಸೋಡಿಯಂ ಪರ್‌ಕಾರ್ಬೊನೇಟ್. ಒಂದು ಸಲಕ್ಕೆ 20ರಿಂದ 25 ಗ್ರಾಂ ಸಾಕು. ಸಿಟ್ರೇಟನ್ನು ದ್ರಾವಣವಾಗಿ ಮಾಡಿಕೊಂಡವರು ಉಳಿದೆರಡು ಪುಡಿಗಳನ್ನು 2:1ರಂತೆ ಬೆರೆಸಿ 12ರಿಂದ 15 ಗ್ರಾಂ ಬಳಸಿ, ದ್ರಾವಣದ 30 ಮಿಲಿಲೀಟರನ್ನು ಮುಖ್ಯ ತೊಳೆತಕ್ಕೆ ನೀಡಬೇಕು. ವಾಷಿಂಗ್ ಸೋಡಾ ಕೊಳ್ಳುವಾಗ ಪಾರದರ್ಶಕ ಹರಳಿನದೋ ಒಣ ಬಿಳಿ ಪುಡಿಯದೋ ನೋಡಬೇಕು: ಹರಳಿನ ತೂಕದಲ್ಲಿ ಶೇ 63ರಷ್ಟು ನೀರೇ ಇರುತ್ತದೆ. ಒಣ ಪುಡಿ ಸಿಗದಿದ್ದರೆ ಅಡುಗೆ ಸೋಡಾವನ್ನು ಓವನ್‌ನಲ್ಲಿ 200 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಕಾಯಿಸಿದರೆ ಅದು ವಾಷಿಂಗ್ ಸೋಡಾ ಆಗುತ್ತದೆ. 168 ಗ್ರಾಂ ಇದ್ದದ್ದು 106 ಗ್ರಾಂಗೆ ಇಳಿದರೆ ಕ್ರಿಯೆ ಪೂರ್ತಿಯಾಯಿತೆಂದು ತೂಕವೇ ಹೇಳುತ್ತದೆ.

ಪರ್‌ಕಾರ್ಬೊನೇಟ್ ಬಿಸಿ ನೀರಿನಲ್ಲಿ ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಚಹಾದ ಕಲೆಗೆ ಅದೇ ಮದ್ದು. ತಣ್ಣೀರಿನಲ್ಲಿ ಅದು ನಿಧಾನ, 60 ಡಿಗ್ರಿಯ ಹತ್ತಿರ ಚುರುಕು. ಅರಿಶಿನದ ವಿಷಯದಲ್ಲಿ ಒಂದು ವಿಚಿತ್ರ ಕಾಣಿಸಿಕೊಳ್ಳುತ್ತದೆ: ಹಳದಿ ಬಣ್ಣ ಹಿಡಿದ ಪ್ಲಾಸ್ಟಿಕ್ ಡಬ್ಬಿ ಯಂತ್ರದಿಂದ ಕೆಂಪಾಗಿ ಹೊರಬರಬಹುದು. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವಾಗ ಬಣ್ಣ ತಿರುಗುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ, ಕ್ಷಾರ. ಉಳಿದ ಕಲೆಯನ್ನು ಬಿಸಿಲಿನಲ್ಲಿಟ್ಟರೆ ಬೆಳಕು ಅದನ್ನು ಒಡೆಯುತ್ತದೆ, ಮತ್ತು ಬಿಸಿಲಿಗೆ ನಮ್ಮಲ್ಲಿ ಕೊರತೆಯಿಲ್ಲ.

ಅಂಗಡಿಯ ಪುಡಿಯಲ್ಲಿದ್ದು ಮನೆಯ ಪುಡಿಯಲ್ಲಿ ಇಲ್ಲದ ದೊಡ್ಡ ವಸ್ತು ಕಿಣ್ವಗಳು. ಒಣಗಿದ ಗಂಜಿ, ಜೋಳದ ಹಿಟ್ಟು, ಬೇಳೆ, ಮೊಟ್ಟೆ ಇವುಗಳ ಪಿಷ್ಟವನ್ನೂ ಪ್ರೋಟೀನನ್ನೂ ಕತ್ತರಿಸುವುದು ಅವೇ. ಸೋಡಾಕ್ಕೆ ಆ ಕೆಲಸ ಬಾರದು. ಜೋಳದ ಅಂಬಲಿಯ ಪಾತ್ರೆಯನ್ನು ಒಣಗಲು ಬಿಟ್ಟು ನೇರವಾಗಿ ಯಂತ್ರಕ್ಕಿಟ್ಟರೆ ಬಿಸಿ ನೀರು ಚಿಮ್ಮಿದ ಮೇಲೂ ಗಾಜಿನಂಥ ತೆಳು ಪೊರೆ ಉಳಿಯುತ್ತದೆ. ಬೆರಳಿಗೆ ಒರಟಾಗಿ ಹತ್ತಿದಾಗಲೇ ಅದು ತಿಳಿಯುವುದು. ಹಿಟ್ಟಿನ ಪಾತ್ರೆಗಳನ್ನು ಒಣಗುವ ಮೊದಲೇ ತಣ್ಣೀರಿನಲ್ಲಿ ನೆನೆಸಿ ಕೆರೆದು ಇಡುವ ಅಭ್ಯಾಸ ಇಲ್ಲದ ಮನೆಗೆ ಈ ಪುಡಿಯನ್ನು ನಾನು ಶಿಫಾರಸು ಮಾಡಲಾರೆ.

ಕೊನೆಯ ಜಾಲಿಕೆಗೆ, ಅಂದರೆ ರಿನ್ಸ್ ಏಡ್ ತುಂಬುವ ಜಾಗಕ್ಕೆ, 100 ಮಿಲಿಲೀಟರ್ ಆರ್‌ಒ ನೀರಿನಲ್ಲಿ 10 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಹಾಕಬಹುದು. ಅದು ಉಳಿದ ಕ್ಷಾರವನ್ನು ತಟಸ್ಥಗೊಳಿಸುತ್ತದೆ, ಸುಣ್ಣದ ತೆಳು ಪರದೆಯನ್ನು ಕರಗಿಸುತ್ತದೆ. ಅಂಗಡಿಯ ದ್ರವದಂತೆ ನೀರನ್ನು ಹಾಳೆಯಾಗಿ ಜಾರಿಸುವ ಗುಣ ಅದಕ್ಕಿಲ್ಲವಾದ್ದರಿಂದ ಹನಿಗಳ ಗುರುತು ಸ್ವಲ್ಪ ಉಳಿಯುತ್ತದೆ. ವಿನೆಗರ್ ಬಹುಕಾಲ ಬಳಸಿದರೆ ಕೆಲವು ಬಗೆಯ ರಬ್ಬರಿನ ಭಾಗಗಳನ್ನು ಕೆಡಿಸಬಲ್ಲುದು. ಬೆಳ್ಳಗಾದ ಲೋಟ ಕಂಡಾಗ ಅದರ ಮೇಲೆ ನಿಂಬೆಹೋಳು ಉಜ್ಜಿ ನೋಡಬೇಕು. ಬಿಳುಪು ಹೋದರೆ ಸುಣ್ಣ, ಮೆದುಕಾರಕದ ಸೆಟ್ಟಿಂಗು ಏರಿಸಬೇಕು. ಹೋಗದಿದ್ದರೆ ಕ್ಷಾರ ಗಾಜನ್ನೇ ಕೊರೆದಿದೆ. ನೀರು ಅತಿ ಮೆದುವಾಗಿ ಪುಡಿ ಹೆಚ್ಚಾದಾಗ ಹೀಗಾಗುತ್ತದೆ, ಆ ಲೋಟ ಮತ್ತೆ ಮೊದಲಿನಂತಾಗುವುದಿಲ್ಲ.

ಕೆಲವು ಪಾಕಗಳಲ್ಲಿ ಬೊರ‍್ಯಾಕ್ಸ್ ಕೂಡ ಇರುತ್ತದೆ. ಸಂತಾನಶಕ್ತಿಗೆ ಹಾನಿ ಮಾಡಬಹುದಾದ ವಸ್ತುವೆಂದು ಯುರೋಪಿನಲ್ಲಿ ಅದನ್ನು ವರ್ಗೀಕರಿಸಲಾಗಿದೆ. ಊಟದ ತಟ್ಟೆಗೆ ಅದು ಬೇಡ. ಬ್ಲೀಚಿಂಗ್ ಪೌಡರನ್ನು ಸಿಟ್ರಿಕ್ ಆಮ್ಲದ ಜೊತೆ ಎಂದೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ನಮ್ಮ ಪುಡಿ ಕೂಡ ಕಣ್ಣಿಗೆ ಬಿದ್ದರೆ ಸುಡುವಂಥದ್ದೇ. ಸಕ್ಕರೆ ಉಪ್ಪಿನಂತೆ ಕಾಣುವ ಅದನ್ನು ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಇಡದೆ, ಹೆಸರು ಬರೆದು, ಮಕ್ಕಳ ಕೈಗೆಟುಕದ ಒಣ ಜಾಗದಲ್ಲಿ ಇಡಬೇಕು. ಪರ್‌ಕಾರ್ಬೊನೇಟ್ ಇರುವ ಡಬ್ಬಿಗೆ ಒದ್ದೆ ಚಮಚ ತಾಗಬಾರದು. ಆಮ್ಲಜನಕ ಬಿಡುಗಡೆಯಾಗಿ ಒತ್ತಡ ಏರುತ್ತದೆ.

ಯಾವ ಪಾತ್ರೆ ಒಳಗೆ ಹೋಗಬಾರದು ಎಂಬುದೂ ಪುಡಿಯ ಗುಣದಿಂದಲೇ ನಿರ್ಧಾರವಾಗುತ್ತದೆ. ಅಲ್ಯೂಮಿನಿಯಂ ಬೋಗುಣಿ ಮತ್ತು ಕುಕ್ಕರ್ ಕ್ಷಾರದಲ್ಲಿ ಕಪ್ಪಾಗುತ್ತವೆ. ಹಿತ್ತಾಳೆಯ ಕಲಾಯಿ ಸವೆಯುತ್ತದೆ. ರೊಟ್ಟಿಯ ಕಬ್ಬಿಣದ ಹಂಚು ವರ್ಷಗಳಿಂದ ಕುಡಿದ ಎಣ್ಣೆಯ ಪದರವನ್ನು ಕಳೆದುಕೊಂಡು ತುಕ್ಕು ಹಿಡಿಯುತ್ತದೆ. ಬೀದರದವರಿಗೆ ವಿಶೇಷವಾಗಿ ಹೇಳಬೇಕಾದದ್ದು ಬಿದ್ರಿ ಸಾಮಾನಿನ ಬಗ್ಗೆ. ಅದರ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಬೆಳ್ಳಿಯ ಕುಸುರಿಯ ಹಿಂದಿನ ಗಾಢ ಕಪ್ಪು ಬರುವುದು ಬೀದರ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪನದಿಂದ. ಬಿಸಿ ಕ್ಷಾರ ಸತುವನ್ನೂ ಬಿಡದು, ಕಪ್ಪನ್ನೂ ಬಿಡದು. ಅದಕ್ಕೆ ಮೆತ್ತನೆಯ ಬಟ್ಟೆಯಲ್ಲಿ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸಾಕು.

ಇನ್ನು ಯಂತ್ರ ಹೊರಬಿಡುವ ನೀರು. ಮನೆಯಲ್ಲೇ ಮಾಡಿದ ಪುಡಿಯಾದ್ದರಿಂದ ಈ ನೀರನ್ನು ಹಿತ್ತಲಿನ ಗಿಡಗಳಿಗೆ ಹಾಯಿಸಬಹುದೆಂದು ಹಲವರು ನಂಬಿದ್ದಾರೆ. ಫಾಸ್ಫೇಟ್ ಇಲ್ಲದಿರುವುದು ಒಳ್ಳೆಯದೇ. ಆದರೆ ಸೋಡಾ, ಸಿಟ್ರೇಟ್, ಮೆದುಕಾರಕದ ಉಪ್ಪು ಮೂರರಲ್ಲೂ ಸೋಡಿಯಂ ತುಂಬಿದೆ. ನಮ್ಮ ಎರೆಮಣ್ಣಿನ ಜೇಡಿ ಕಣಗಳನ್ನು ಒಟ್ಟಿಗೆ ಹಿಡಿದಿಡುವುದು ಕ್ಯಾಲ್ಸಿಯಂ. ಆ ಜಾಗಕ್ಕೆ ಸೋಡಿಯಂ ಬಂದರೆ ಕಣಗಳು ಚದುರಿ, ನೀರು ಇಂಗುವ ಸಂದುಗಳು ಮುಚ್ಚಿ, ಒಣಗಿದಾಗ ನೆಲ ಕಲ್ಲಿನಂತೆ ಬಿಗಿಯುತ್ತದೆ. ಸವಳಾದ ಹೊಲ ನೋಡಿದವರಿಗೆ ಇದರ ಅರ್ಥ ಹೇಳಬೇಕಿಲ್ಲ. ಯಂತ್ರದ ನೀರನ್ನು ಚರಂಡಿಗೇ ಬಿಡಬೇಕು. ಗಿಡಗಳಿಗೆ ಅಕ್ಕಿ, ತರಕಾರಿ ತೊಳೆದ ನೀರು ಇರಲಿ.